ಮಲ್ಲೇಶಪ್ಪನ ಬಂದೂಕು ನೋಡಬೇಕೆಂದ ಇಮಾಮ್‌ಸಾಬ್

ಹೊನ್ನಾಳಿಯಲ್ಲಿ ನಾಲ್ಕು ಜನ ಇಮಾಮ್‌ಸಾಬರಿದ್ದರು. ಒಬ್ಬರು ಬಳೆ ಮಾರುತ್ತಿದ್ದರು, ಒಬ್ಬರು ಜಟಕಾ ಹೊಡೆಯುತ್ತಿದ್ದರು, ಒಬ್ಬರದು ಹತ್ತಿಯ ವ್ಯಾಪಾರ. ನಾನು ಹೇಳಹೊರಟಿರುವುದು ನಾಲ್ಕನೆಯವರ ವಿಷಯ. ಬೀಗ, ಅಡಕತ್ತರಿ, ಕೊಡೆ, ಪೆಟ್ರೋಮ್ಯಾಕ್ಸು ರಿಪೇರಿ ಮಾಡುತ್ತ, ಬಿಡುವಿದ್ದಾಗ ಪಾತ್ರೆಗಳಿಗೆ ಕಲಾಯಿ ಹಾಕುತ್ತ, ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿ ಹೆಂಡತಿ ಹಜೀರಾ ಜೊತೆ ಎರಡು ಅಂಕಣದ ಮನೆಯಲ್ಲಿದ್ದ ಮನುಷ್ಯ. ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ, ಅಲ್ಲಿನ ಬಂದೂಕು ರಿಪೇರಿಯ ಶೆಡ್ಡಿನಲ್ಲಿ ಮೂರು ವರ್ಷ ದುಡಿದು ಬಂದವರು. ಆ ಮಾತನ್ನು ಅವರಾಗಿ ಯಾರಿಗೂ ಹೇಳಿದವರಲ್ಲ. ನನಗಂತೂ ಅದು ತಿಳಿಯಲು ತಲೆ ತಗ್ಗಿಸುವ ಕಾಲವೇ ಬರಬೇಕಾಯಿತು.

ನನ್ನ ಹೆಸರು ನಾಗೇಂದ್ರಪ್ಪ. ಪೊಲೀಸ್ ದಫೇದಾರನಾಗಿದ್ದೆ. ನ್ಯಾಮತಿ ರಸ್ತೆಯಲ್ಲಿ ಆಗ ಒಂದು ಹೊರಠಾಣೆಯಿತ್ತು, ಈಗ ಮುಚ್ಚಿಹೋಗಿದೆ. ಅಲ್ಲಿ ನಾನೇ ಯಜಮಾನ. ನನ್ನ ಮುಂಗೋಪ ಇಡೀ ಸೀಮೆಗೆ ಗೊತ್ತಿತ್ತು. ನಾಯಿ ಬೊಗಳಿದರೂ ಅದರ ಮಾಲೀಕನನ್ನು ಕರೆಸುತ್ತಿದ್ದೆ ಎಂದು ಜನ ನಗುತ್ತಿದ್ದರು. ನಗಲಿ, ಸುಳ್ಳೇನಲ್ಲ.

ನಮ್ಮ ಠಾಣೆಯಲ್ಲಿ ಆರು ಬಂದೂಕುಗಳಿದ್ದವು. ಯುದ್ಧದಲ್ಲಿ ಗೋರರು, ಅಂದರೆ ಬಿಳಿ ಸಿಪಾಯಿಗಳು, ಬಳಸಿ ಬಿಟ್ಟವು, ಹತ್ತಾರು ಕೈ ದಾಟಿ ನಮಗೆ ಬಂದವು. ಬೋಲ್ಟ್ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಕೆಳಗಿನ ಮ್ಯಾಗಜೀನಿನಿಂದ ಒಂದು ತೋಟಾ ನಳಿಗೆಯೊಳಗೆ ಹೋಗುತ್ತದೆ. ಮ್ಯಾಗಜೀನ್ ಎಂದರೆ ಹತ್ತು ತೋಟಾ ಹಿಡಿಯುವ ತಗಡಿನ ಡಬ್ಬಿ, ಅಷ್ಟೇ. ತೋಟಾಗಳ ವಿಷಯದಲ್ಲಿ ನಾನು ಯಾರನ್ನೂ ನಂಬುತ್ತಿರಲಿಲ್ಲ. ಯಾರು ಪಹರೆಗೆ ಹೊರಟರೂ ಡಬ್ಬಿ ಬಿಚ್ಚಿ, ನನ್ನ ಕೈಯಾರೆ ಹತ್ತು ತೋಟಾ ತುಂಬಿ, ಬಂದೂಕಿಗೆ ಸಿಕ್ಕಿಸಿ ಕೊಡುತ್ತಿದ್ದೆ. ಅದು ನನ್ನ ಹೆಮ್ಮೆಯಾಗಿತ್ತು.

ಈಗ ಮಲ್ಲೇಶಪ್ಪನ ಮಾತಿಗೆ ಬರುತ್ತೇನೆ. ೧೯೩೬ನೇ ಇಸವಿ. ಮಲ್ಲೇಶಪ್ಪ ನನ್ನ ಕೈಕೆಳಗಿನ ಪೇದೆ, ಆರಡಿ ಆಳು, ಮಾತು ಕಡಿಮೆ. ಅವನ ಸಂಸಾರ ಹೊನ್ನಾಳಿಯಲ್ಲಿ ಇಮಾಮ್‌ಸಾಬರ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿತ್ತು. ನ್ಯಾಮತಿ ಸಂತೆ ಮುಗಿಸಿ ಬರುತ್ತಿದ್ದ ಗಾಡಿಗಳಿಗೆ ಕಾವಲಾಗಿ ಅವನನ್ನು ಕಳಿಸಿದ್ದೆ. ಹಳ್ಳದ ಇಳಿಜಾರಿನಲ್ಲಿ ದರೋಡೆಕೋರರು ಅಡ್ಡಗಟ್ಟಿದರು. ಮಲ್ಲೇಶಪ್ಪ ಒಂದು ಗುಂಡು ಹಾರಿಸಿದ. ಎರಡನೆಯದು ಹಾರಲೇ ಇಲ್ಲ. ಅಷ್ಟರಲ್ಲಿ ಬೆಲ್ಲದ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಬಲಗೈಯನ್ನು ಕೊಡಲಿಯ ಹಿಂಬದಿಯಿಂದ ಜಜ್ಜಿ ಹಾಕಿದ್ದರು. ಆ ಕೈ ಮತ್ತೆ ತಕ್ಕಡಿ ಹಿಡಿಯಲಿಲ್ಲ. ಗಾಡಿಯವರೆಲ್ಲ ಒಂದೇ ಮಾತು ಹೇಳಿದರು: ಪೊಲೀಸಪ್ಪ ಒಂದು ಗುಂಡು ಹೊಡೆದು ಕಲ್ಲಿನಂತೆ ನಿಂತುಬಿಟ್ಟ.

“ತೋಟಾ ಮೇಲಕ್ಕೆ ಬಂತು ಸಾರ್, ಮುಂದಕ್ಕೆ ಹೋಗ್ಲಿಲ್ಲ,” ಎಂದ ಮಲ್ಲೇಶಪ್ಪ. ವಿಚಾರಣೆಯಲ್ಲೂ ಅದನ್ನೇ ಹೇಳಿದ. ಬೇರೆ ಮಾತೇ ಅವನ ಬಾಯಲ್ಲಿ ಬರಲಿಲ್ಲ.

ಜಿಲ್ಲೆಯಿಂದ ಒಬ್ಬ ಕವಾಯತು ಹವಾಲ್ದಾರ ಬಂದು, ಅದೇ ಬಂದೂಕಿಗೆ ಐದೈದು ತೋಟಾ ಕಚ್ಚಿದ ಎರಡು ಕ್ಲಿಪ್ಪುಗಳನ್ನು ಮೇಲಿನಿಂದ ಒತ್ತಿ ಹತ್ತೂ ಗುಂಡು ಹಾರಿಸಿದ. ಒಂದೂ ತಡೆಯಲಿಲ್ಲ. ನನ್ನನ್ನು ಕೇಳಿದರು. “ಬಂದೂಕು ಸರಿಯಿತ್ತು. ತೋಟಾ ನಾನೇ ತುಂಬಿದ್ದೆ. ವಾಪಸು ಬಂದಾಗ ಉಳಿದ ಒಂಬತ್ತನ್ನೂ ನಾನೇ ತೆಗೆದೆ, ಒಂದೂ ಸಿಕ್ಕಿಕೊಂಡಿರಲಿಲ್ಲ,” ಎಂದೆ. ಎದೆಯುಬ್ಬಿಸಿಯೇ ಹೇಳಿದೆ. ಮಲ್ಲೇಶಪ್ಪನ ಕೆಲಸ ಹೋಯಿತು. ಕೆಲಸ ಹೋದರೆ ಹೋಗಲಿ, ಹೆಸರೂ ಹೋಯಿತು. ಅವನು ಸಂತೆಗೆ ಬಂದರೆ ಪಡ್ಡೆಗಳು ಬಾಯಲ್ಲೇ “ಢಂ” ಎಂದು ಒಂದು ಸಲ ಕೂಗಿ ಸುಮ್ಮನಾಗುತ್ತಿದ್ದರು. ಎರಡನೆಯ ಗುಂಡು ಇಲ್ಲ ಎಂದು ಅರ್ಥ. ಮೂರು ತಿಂಗಳು ಸಹಿಸಿ ಅವನು ಹೆಂಡತಿ ಅಂಜಿನಮ್ಮನ ತವರಿಗೆ, ಜಗಳೂರಿನ ಆಚೆಯ ಒಂದು ಹಳ್ಳಿಗೆ, ಗಂಟುಮೂಟೆ ಕಟ್ಟಿದ.

ಅವನು ಹೋದ ವಾರದಲ್ಲೇ ಇಮಾಮ್‌ಸಾಬ್ ಠಾಣೆಗೆ ಬಂದಿದ್ದರು. ಗಡ್ಡಕ್ಕೆ ಕಲಾಯಿಯ ಬೂದಿ, ಹೆಗಲ ಮೇಲೆ ತಿದಿ. “ದಫೇದಾರ್ರೇ, ಮಲ್ಲೇಶಪ್ಪನ ಬಂದೂಕು ಒಂದ್ಸಲ ನೋಡಾಕೆ ಬಿಡ್ತೀರಾ?” ಎಂದರು.

ನನ್ನ ಪಿತ್ತ ನೆತ್ತಿಗೇರಿತು. “ಕಲಾಯಿ ಹಾಕೋರಿಗೆ ಸರ್ಕಾರದ ಬಂದೂಕು ಯಾಕ್ರೀ? ನಡೀರಿ ಆಚೆ!” ಎಂದು ಗದರಿದೆ. ತಿದಿಯನ್ನು ಹೆಗಲಿಗೆ ಸರಿಸಿಕೊಂಡು ಮೆಟ್ಟಿಲಿಳಿದು ಹೋದರು.

ಎರಡು ವರ್ಷ ಕಳೆಯಿತು. ೧೯೩೮ರ ಆಯುಧಪೂಜೆ ಬಂತು. ವಿಜಯದಶಮಿಯಾಗಿ ಮೂರನೆಯ ದಿನ ಜಿಲ್ಲೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಪ್ರತಿಯೊಂದು ಬಂದೂಕಿನಿಂದಲೂ ಹತ್ತು ಗುಂಡು ಹಾರಿಸಿ ನೋಡುತ್ತಾರೆ ಎಂದು ಹುಕುಂ ಬಂದಿತ್ತು. ನನಗೆ ಆ ವರ್ಷ ಎಲ್ಲಿಲ್ಲದ ಭಕ್ತಿ ಉಕ್ಕಿತು ನೋಡಿ. ಆರೂ ಡಬ್ಬಿಗಳನ್ನು ಬಿಚ್ಚಿಸಿ, ಬೂದಿ, ತೆಂಗಿನ ನಾರು, ಸೀಮೆಎಣ್ಣೆ ಹಾಕಿ ನಾನೇ ಉಜ್ಜಿದೆ. ಅವುಗಳ ಮೇಲೆ ಯಾವಾಗಲೋ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರುಗಳು ಸೀಮೆಎಣ್ಣೆಗೆ ಕರಗಿ ಹೋದವು. ಹೋಗಲಿ, ಥಳಥಳ ಹೊಳೆಯುತ್ತವಲ್ಲ ಎಂದು ಹಿಗ್ಗಿದೆ. ದೇವಿಯ ಪಟದ ಮುಂದೆ ಆರನ್ನೂ ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಮಾರನೆಯ ದಿನ ಕೈಗೆ ಸಿಕ್ಕ ಡಬ್ಬಿಯನ್ನು ಕೈಗೆ ಸಿಕ್ಕ ಬಂದೂಕಿಗೆ ಸಿಕ್ಕಿಸಿದೆ.

ಒಂದು ಒಳಗೆ ಹೋಗಲೇ ಇಲ್ಲ. ಒಂದು ಹೋಯಿತು, ಆದರೆ ಬಂದೂಕು ಎತ್ತಿದರೆ ಕಳಚಿ ಕಾಲ ಮೇಲೆ ಬಿತ್ತು. ಇನ್ನೊಂದರಲ್ಲಿ ತೋಟಾದ ಮೂತಿ ಕೆಳಕ್ಕೆ ಬಾಗಿ ಕುಟ್ಟಿಕೊಂಡಿತು. ಮತ್ತೊಂದರಲ್ಲಿ ಬೋಲ್ಟ್ ತೋಟಾದ ತಲೆಯ ಮೇಲೆಯೇ ಜಾರಿಕೊಂಡು ಖಾಲಿ ಹೋಯಿತು. ಹೊರಗಿನಿಂದ ನೋಡಿದರೆ ಆರೂ ಡಬ್ಬಿ ಒಂದೇ ಅಚ್ಚು. ಯಾವುದು ಯಾವುದರದ್ದು?

“ಸಾರ್, ಹೊನ್ನಾಳಿ ಬೀಗದ ಸಾಬ್ರು ಬಸ್ರಾದಾಗೆ ಇದೇ ಕೆಲಸ ಮಾಡ್ತಿದ್ರಂತೆ,” ಎಂದ ಪೇದೆ ಅಂಜಿನಪ್ಪ. ಯಾರನ್ನು ಮೆಟ್ಟಿಲಿಳಿಸಿ ಕಳಿಸಿದ್ದೆನೋ ಅವರ ಮನೆಗೇ ನಾನು ಹೋಗಬೇಕು. ಹೋದೆ. ಹಜೀರಾಬಿ ಚಾಪೆ ಹಾಸಿ ನೀರು ಕೊಟ್ಟರು. ಇಮಾಮ್‌ಸಾಬ್ ಒಂದು ಬೀಗದ ಹೊಟ್ಟೆ ಬಗೆದು ಕುಳಿತಿದ್ದರು. ಎಲ್ಲ ಹೇಳಿದೆ. ಹಳೆಯದನ್ನು ಎತ್ತಿ ಆಡಲಿಲ್ಲ, ಮುಖದಲ್ಲೂ ತೋರಿಸಲಿಲ್ಲ.

“ಬರ್ತೀನಿ. ಕೂಲಿ ಬ್ಯಾಡ. ಮಲ್ಲೇಶಪ್ಪನ ಬಂದೂಕು ಯಾವ್ದು ಅಂತ ತೋರಿಸ್ರಿ, ಅದನ್ನ ಪುರಸೊತ್ತಾಗಿ ನೋಡಾಕೆ ಬಿಡ್ರಿ. ಅಷ್ಟೇ,” ಎಂದರು.

“ಎರಡು ವರ್ಷ ಆತಲ್ರೀ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಾ?”

“ಅವನ ಮಕ್ಳು ನಮ್ಮ ಹಜೀರಾ ಕೈಲಿ ರೊಟ್ಟಿ ತಿಂದು ಬೆಳೆದವು. ಊರು ಬಿಡೋ ದಿನ ಅವನು ನನ್ನ ಮುಂದೆ ಅತ್ತ. ಸುಳ್ಳು ಹೇಳೋನು ಹಂಗೆ ಅಳಲ್ಲ ದಫೇದಾರ್ರೇ.”

ಮರುದಿನ ಬೆಳಿಗ್ಗೆ ಒಂದು ಚೀಲ ಹಿಡಿದು ಬಂದರು. ಚೀಲದಲ್ಲಿ ಏನು ಉಪಕರಣ ತಂದಿದ್ದಾರೋ ಎಂದು ಬಗ್ಗಿ ನೋಡಿದರೆ ಒಂದು ಸಣ್ಣ ಉಳಿ, ಸುತ್ತಿಗೆ, ಒಂದು ಚಿಂದಿ ಬಟ್ಟೆ. ಖಾಲಿ ತೋಟಾ ಕೇಳಿದರು, ಹತ್ತು ಕೊಟ್ಟೆ. ಜಾಲಿಯ ಕಡ್ಡಿಗಳನ್ನು ಕೆತ್ತಿ, ಗುಂಡಿನ ಮೂತಿಯ ಹಾಗೆ ಮಾಡಿ ಅವುಗಳ ಬಾಯಿಗೆ ಹೊಡೆದು ಕೂರಿಸಿದರು. “ಜೀವ ಇರೋ ತೋಟಾ ಇಟ್ಕೊಂಡು ಆಟ ಆಡಬಾರ್ದು,” ಎಂದರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಆರೂ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿದರು. ಒಂದೊಂದನ್ನೇ ತೆಗೆದು ಬಾಯಿಯ ಎರಡೂ ಕಡೆ ಬಾಗಿದ ತಗಡಿನ ತುಟಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಬೆನ್ನಿನ ಗೀರುಗಳನ್ನು ಉಗುರಿನಿಂದ ಸವರಿದರು. ಆಮೇಲೆ ಬಂದೂಕುಗಳ ಹೊಟ್ಟೆಯೊಳಗೆ ಕಿರುಬೆರಳು ಹಾಕಿ ಅದೇ ರೀತಿ ಸವರಿದರು.

“ಕಣ್ಣು ಯಾಕೆ ಮುಚ್ಚಿದ್ರಿ?” ಎಂದೆ.

“ಕಣ್ಣಿಗೆ ಆರೂ ಒಂದೇ ಥರ ಕಾಣ್ತಾವೆ. ಬೆರಳಿಗೆ ಬ್ಯಾರೆ ಬ್ಯಾರೆ. ಇವು ಹುಟ್ಟಿದಾಗ ಒಂದೇ ಇದ್ವು. ಆಮೇಲೆ ನಮ್ಮಂಥೋರು ಒಂದೊಂದು ಡಬ್ಬಿ ತುಟಿನೂ ಅದರದರ ಬಂದೂಕಿಗೆ ತಕ್ಕಂಗೆ ಕೂದಲೆಳೆಯಷ್ಟು ಬಗ್ಗಿಸಿ ಕೂರಿಸಿರ್ತೀವಿ. ಆಮೇಲೆ ಅದನ್ನ ಅದಲು ಬದಲು ಮಾಡಬಾರ್ದು.”

ಆರು ಬಂದೂಕು, ಆರು ಡಬ್ಬಿ. ಮೂವತ್ತಾರು ಸಲ ಸಿಕ್ಕಿಸಿ ಬಿಚ್ಚಬೇಕಾದೀತು ಎಂದು ನಾನು ಅಂದಾಜು ಮಾಡಿದ್ದೆ. ಅವರು ಒಂದು ಡಬ್ಬಿ ಎತ್ತಿದರು, ಮೂರನೆಯ ಬಂದೂಕಿಗೆ ಒತ್ತಿದರು. ಕಟಕ್ ಎಂದಿತು. ತಲೆಯಾಡಿಸಿದರು. ಮರದ ಮೂತಿಯ ತೋಟಾ ತುಂಬಿ ಬೋಲ್ಟ್ ಆಡಿಸಿದರೆ ಹತ್ತೂ ಒಂದಾದ ಮೇಲೊಂದು ಹೋಗಿ ಹೊರಗೆ ಚಿಮ್ಮಿದವು. ಎರಡನೆಯದು, ಅದೇ ರೀತಿ. ಮೂರನೆಯದಕ್ಕೆ ಕಟಕ್ ಸದ್ದು ಬಂದರೂ “ಊಹೂಂ, ಇದಲ್ಲ” ಎಂದು ತೆಗೆದುಬಿಟ್ಟರು. ನನಗೆ ಆ ಸದ್ದಿಗೂ ಈ ಸದ್ದಿಗೂ ಯಾವ ವ್ಯತ್ಯಾಸವೂ ಕೇಳಲಿಲ್ಲ. ಎಂಟೇ ಎಂಟು ಸಲಕ್ಕೆ ಆರೂ ಜೋಡಿ ಕೂಡಿದವು. ಅಬ್ಬಬ್ಬಾ! ಅಂಜಿನಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಮಾಮ್‌ಸಾಬ್ ಮಾತ್ರ ಎಲೆ ಅಡಿಕೆ ಹಾಕಿಕೊಂಡು, ಮೊದಲ ಜೋಡಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ಬಂದೂಕಿಗೂ ಡಬ್ಬಿಗೂ ಉಳಿಯಿಂದ ಗುರುತು ಹೊಡೆದರು. “ಇನ್ನು ಸೀಮೆಎಣ್ಣೆಗೂ ಹೋಗಲ್ಲ, ನಿಮ್ಮ ಭಕ್ತಿಗೂ ಹೋಗಲ್ಲ,” ಎಂದು ನಕ್ಕರು. ಎಷ್ಟೋ ವರ್ಷಗಳ ಮೇಲೆ, ಎರಡನೆಯ ಯುದ್ಧ ಮುಗಿದು ಅದರ ನಲವತ್ತು ಬಂದೂಕುಗಳು ಚನ್ನಗಿರಿ ಠಾಣೆಗೆ ಬಂದಾಗ, ಬಂದೂಕುಗಳೇ ಒಂದು ಪೆಟ್ಟಿಗೆ, ಡಬ್ಬಿಗಳೇ ಒಂದು ಪೆಟ್ಟಿಗೆಯಾಗಿ ಬಂದಿದ್ದವು. ಆಗಲೂ ಇವರನ್ನೇ ಕರೆಸಿದರಂತೆ. ಕಣ್ಣಿಗೆ ಪೊರೆ ಬಂದಿದ್ದರೂ ಎರಡು ದಿನದಲ್ಲಿ ನಲವತ್ತನ್ನೂ ಕೂಡಿಸಿ ಎದ್ದರಂತೆ. ಕೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಮೊದಲೇ ನೋಡಿದ್ದೆನಲ್ಲ.

ಮಲ್ಲೇಶಪ್ಪನದು ನಾಲ್ಕು ಚುಕ್ಕೆಯ ಬಂದೂಕು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಡಬ್ಬಿಯ ತುಟಿ ನೋಡಿದರು, ಒಳಗಿನ ಸ್ಪ್ರಿಂಗ್ ಒತ್ತಿ ನೋಡಿದರು, ಬೋಲ್ಟಿನ ಮೂತಿ ನೋಡಿದರು. “ಏನೂ ಐಬಿಲ್ಲ. ಬಂದೂಕು ಬಂಗಾರದಂಗೈತೆ,” ಎಂದರು.

“ನಾನೂ ಅದನ್ನೇ ಹೇಳಿದ್ದೆ!” ಎಂದು ನನ್ನ ದನಿ ಏರಿತು. ಮಲ್ಲೇಶಪ್ಪನ ಕಥೆ ಅಲ್ಲಿಗೆ ಮುಗಿಯಿತು, ಪಾಪ, ಈ ಮುದುಕರು ಸುಮ್ಮನೆ ಆಸೆ ಇಟ್ಟುಕೊಂಡಿದ್ದರು ಎಂದುಕೊಂಡೆ. ಅವರು ಅಂಜಿನಪ್ಪನ ಕಡೆ ತಿರುಗಿ, “ಅಪ್ಪಾ, ಹೋಟ್ಲಿಂದ ಒಂದು ಚಾ ತರ್ತೀಯಾ? ನಿಧಾನಕ್ಕೆ ಬಾ,” ಎಂದರು. ಅವನು ಗೇಟು ದಾಟುವವರೆಗೆ ಕಾದರು. ಆಮೇಲೆ ನಾಲ್ಕು ಚುಕ್ಕೆಯ ಡಬ್ಬಿಯನ್ನೂ ಹತ್ತು ಮರದ ಮೂತಿಯ ತೋಟಾಗಳನ್ನೂ ನನ್ನ ಮುಂದೆ ಸರಿಸಿದರು.

“ಆವತ್ತು ಅವನಿಗೆ ಹೆಂಗೆ ತುಂಬಿ ಕೊಟ್ರೋ, ಹಂಗೇ ತುಂಬ್ರಿ.”

ತುಂಬಿದೆ. ಹದಿನಾಲ್ಕು ವರ್ಷ ತುಂಬಿದ ಕೈ. ಪಟಪಟನೆ ಹತ್ತನ್ನೂ ಒತ್ತಿ ಕೊಟ್ಟೆ. ಅವರು ಬಂದೂಕಿಗೆ ಸಿಕ್ಕಿಸಿ ನನ್ನ ಕೈಗೇ ಕೊಟ್ಟರು. ಬೋಲ್ಟ್ ತಳ್ಳಿದೆ. ಮೊದಲನೆಯದು ಹೋಯಿತು. ಎಳೆದೆ, ಚಿಮ್ಮಿತು. ಮತ್ತೆ ತಳ್ಳಿದೆ. ತೋಟಾ ಮೇಲಕ್ಕೆ ಬಂತು. ಮುಂದಕ್ಕೆ ಹೋಗಲಿಲ್ಲ.

ಇನ್ನೊಮ್ಮೆ ತಳ್ಳಿದೆ. ಮೈಭಾರವೆಲ್ಲ ಹಾಕಿ ತಳ್ಳಿದೆ. ಬೋಲ್ಟ್ ಅಲ್ಲಾಡಲಿಲ್ಲ.

ಇಮಾಮ್‌ಸಾಬ್ ಮೆಲ್ಲಗೆ ಡಬ್ಬಿ ಬಿಚ್ಚಿ ತೋರಿಸಿದರು. ಈ ತೋಟಾಗಳ ಬುಡಕ್ಕೆ ಸುತ್ತಲೂ ಒಂದು ಅಂಚು ಇರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ, ಬೋಲ್ಟ್ ಮುಂದಕ್ಕೆ ತಳ್ಳಿದಾಗ ಅಂಚಿಗೆ ಅಂಚು ಕಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಹಿಂದಕ್ಕೆಳೆದು ತೆಗೆದರೆ ಸಲೀಸಾಗಿ ಬಂದುಬಿಡುತ್ತದೆ. ಅದಕ್ಕೇ ಆವತ್ತು ಒಂಬತ್ತೂ ನನ್ನ ಕೈಗೆ ಸುಲಭವಾಗಿ ಬಂದಿದ್ದವು. ಹವಾಲ್ದಾರ ಕ್ಲಿಪ್ಪಿನಿಂದ ತುಂಬಿದ್ದ, ಅವನಿಗೆ ಅಂಚುಗಳು ಸರಿಯಾಗಿ ಕೂತಿದ್ದವು. ನಾನೋ, ಒಂದು ಸಲ ಸರಿ, ಒಂದು ಸಲ ತಪ್ಪು, ನೋಡದೆ ತುಂಬುತ್ತಿದ್ದೆ. ಪಹರೆಗೆ ಹೋದವರು ಗುಂಡು ಹಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಪ್ರಸಂಗ ಬಂದದ್ದು ಮಲ್ಲೇಶಪ್ಪನಿಗೆ ಮಾತ್ರ.

“ನಿಮಗೆ ಇದು ಮೊದ್ಲೇ ಗೊತ್ತಿತ್ತಾ?” ಎಂದೆ.

“ಮೇಲಕ್ಕೆ ಬಂತು, ಮುಂದಕ್ಕೆ ಹೋಗ್ಲಿಲ್ಲ ಅಂದನಲ್ಲ ಅವನು. ಬಸ್ರಾದಾಗೆ ಆ ಮಾತು ಬಾಳ ಕೇಳಿದ್ದೆ. ಅದಕ್ಕೇ ಬಂದಿದ್ದೆ ಆವತ್ತು.”

ನಾನು ಗದರಿ ಕಳಿಸಿದ ದಿನ! ಛೀ, ಈ ನನ್ನ ಬಾಯಿಗೆ ಬೆಂಕಿ ಬೀಳಲಿ.

“ಅಂಜಿನಪ್ಪನ ಯಾಕೆ ಕಳಿಸಿದ್ರಿ?”

“ನಿಮ್ಮ ಕೈಕೆಳಗಿನ ಹುಡುಗ ಅಲ್ವಾ. ನಾನು ಯಾರ ಹತ್ರಾನೂ ಹೇಳಲ್ಲ ದಫೇದಾರ್ರೇ. ಹೇಳೋದು ಬಿಡೋದು ನಿಮಗೆ ಸೇರಿದ್ದು.” ತೋಟಾಗಳನ್ನು ತೆಗೆದಿಟ್ಟು, ಚಾ ಬಂದ ಮೇಲೆ ಕುಡಿದು, ಚೀಲ ಹೆಗಲಿಗೇರಿಸಿ ಹೊರಟುಹೋದರು. ಇಂಥ ಗುಟ್ಟು ನನ್ನ ಕೈಗೆ ಸಿಕ್ಕಿದ್ದರೆ, ನನ್ನನ್ನು ಮೆಟ್ಟಿಲಿಳಿಸಿದವನನ್ನು ನಾನು ಪೇಟೆಯ ನಡುವೆ ನಿಲ್ಲಿಸಿ ಮಾನ ಕಳೆಯುತ್ತಿದ್ದೆ. ದೇವರಾಣೆಗೂ ಕಳೆಯುತ್ತಿದ್ದೆ. ಆ ಮನುಷ್ಯರು ನನ್ನ ಮಾನ ನನ್ನ ಕೈಗೇ ಕೊಟ್ಟು ಹೋದರು.

ತಪಾಸಣೆಯ ದಿನ ಆರೂ ಬಂದೂಕು ಅರವತ್ತು ಗುಂಡು ಹಾರಿಸಿದವು. ಸಾಹೇಬರು ನನ್ನ ಬೆನ್ನು ತಟ್ಟಿದರು. ಚುಕ್ಕೆಗಳನ್ನು ನೋಡಿ, ಇದು ಒಳ್ಳೆಯ ಉಪಾಯ, ಯಾರದು ಎಂದರು. “ಹೊನ್ನಾಳಿ ಇಮಾಮ್‌ಸಾಬರದು” ಎಂದೆ. “ಬೇರೆ ಏನಾದರೂ ಹೇಳುವುದಿದೆಯೇ?” ಎಂದು ಅವರು ಟೋಪಿ ಎತ್ತಿಕೊಂಡರು. ಇಲ್ಲ ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. “ಐತೆ ಸಾರ್” ಎಂದೆ. ಎಲ್ಲರ ಮುಂದೆ ನಾಲ್ಕು ಚುಕ್ಕೆಯ ಡಬ್ಬಿಗೆ ಆ ಮರದ ಮೂತಿಯ ತೋಟಾಗಳನ್ನು ನನ್ನ ಹಳೆಯ ಪದ್ಧತಿಯಲ್ಲೇ ತುಂಬಿ, ಎರಡನೆಯದು ಸಿಕ್ಕಿಕೊಂಡದ್ದನ್ನು ತೋರಿಸಿದೆ. ಅಂಜಿನಪ್ಪ ನೆಲ ನೋಡುತ್ತ ನಿಂತಿದ್ದ. ನನ್ನ ತೋಳಿನ ಪಟ್ಟಿ ಹೋಯಿತು. ಮತ್ತೆ ಬರೀ ಪೇದೆಯಾದೆ. ಮಲ್ಲೇಶಪ್ಪನನ್ನು ಕೆಲಸಕ್ಕೆ ವಾಪಸು ಕರೆಯುವ ಕಾಗದ ಮೂರು ತಿಂಗಳ ಮೇಲೆ ಬಂತು. ಅಂಚೆಯಲ್ಲಿ ಕಳಿಸುವುದು ಬೇಡ, ನಾನೇ ಒಯ್ಯುತ್ತೇನೆ ಎಂದೆ. ಹೊರಡುವ ದಿನ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಇಮಾಮ್‌ಸಾಬ್ ಆಗಲೇ ಬಂದು ಕುಳಿತಿದ್ದರು. ನಾನು ಕರೆದಿರಲಿಲ್ಲ.

ಜಗಳೂರಿನಿಂದ ಎರಡು ಹರದಾರಿ ನಡೆದೆವು. ಮಲ್ಲೇಶಪ್ಪ ಮನೆಯ ಮುಂದೆ ಗಾಡಿಯ ನೊಗಕ್ಕೆ ಮೊಳೆ ಹೊಡೆಯುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತ, ಹಳೆಯ ಅಭ್ಯಾಸಕ್ಕೆ ಹಿಮ್ಮಡಿ ಕೂಡಿಸಿದ. ನನಗೆ ಅದು ಚುಚ್ಚಿತು.

“ಮಲ್ಲೇಶಪ್ಪಾ, ತಪ್ಪು ನಂದು. ತೋಟಾ ನಾನು ತಪ್ಪು ತುಂಬಿದ್ದೆ. ಸಾಹೇಬ್ರ ಮುಂದೆ ಒಪ್ಪಿಕೊಂಡೀನಿ. ಇಗೋ ಕಾಗದ,” ಎಂದೆ.

ಕಾಗದ ಹಿಡಿದುಕೊಂಡ, ಓದಲಿಲ್ಲ. ಏನೂ ಅರ್ಥವಾಗದವನಂತೆ ಇಮಾಮ್‌ಸಾಬರ ಮುಖ ನೋಡಿದ. ಅವರು ನೆಲದಿಂದ ಅಗಲ ತಲೆಯ ಎರಡು ಮೊಳೆ ಎತ್ತಿ, ಒಂದರ ಮೇಲೊಂದು ಮಲಗಿಸಿ, ಮೇಲಿನದರ ತಲೆಯನ್ನು ಕೆಳಗಿನದರ ತಲೆಯ ಹಿಂದಕ್ಕೆ ಸರಿಸಿ ಒತ್ತಿ ಹಿಡಿದರು. “ಇದು ಆವತ್ತಿನ ಎರಡ್ನೇ ತೋಟಾ ಅಂದ್ಕೋ. ತಳ್ಳು,” ಎಂದರು.

ಮಲ್ಲೇಶಪ್ಪ ಹೆಬ್ಬೆರಳಿನಿಂದ ತಳ್ಳಿದ. ಹೋಗಲಿಲ್ಲ. ಬೆರಳಿನ ತುದಿ ಬಿಳಿಚುವ ಹಾಗೆ ತಳ್ಳಿದ. ಹೋಗಲಿಲ್ಲ. ಮೂರನೆಯ ಸಲವೂ ತಳ್ಳಿ ನೋಡಿದ. ಬಾಗಿಲಲ್ಲಿ ಅವನ ಹೆಂಡತಿ ಅಂಜಿನಮ್ಮ ಬಂದು ನಿಂತಿದ್ದರು. ಅವನು ಅವರ ಕಡೆ ತಿರುಗಿದ.

“ನೋಡ್ದೇನೇ? ಜನ ಅಂದೂ ಅಂದೂ ನಂಗೇ ಅನುಮಾನ ಬಂದ್ಬಿಟ್ಟಿತ್ತು, ನಾನು ಹೆದರಿ ತಳ್ಳಲೇ ಇಲ್ವೇನೋ ಅಂತ. ತಳ್ಳಿದ್ದೆ ಕಣೇ. ನಾನು ತಳ್ಳಿದ್ದೆ.”